ಹತ್ತೊಂಬತ್ತನೆಯ ಸೂಜಿ

ಹೆಪ್ಪುಗಟ್ಟಿಸಿಟ್ಟಿದ್ದ ಭ್ರೂಣ ಕರಗಿಸುವಾಗಲೇ ಉಳಿಯದೆ ಹೋಗಬಹುದಿತ್ತು. ಲ್ಯಾಬಿನವರು ಅದಲುಬದಲು ಮಾಡಿ ನನ್ನದನ್ನು ಇನ್ಯಾರಿಗೋ ಇಟ್ಟುಬಿಡಬಹುದಿತ್ತು. ನಾವು ಕ್ಲಿನಿಕ್ಕಿಗೆ ಹೊರಟ ಹೊತ್ತಿಗೇ ಹೆದ್ದಾರಿಯಲ್ಲಿ ಟ್ರಕ್ಕೊಂದು ಮಗುಚಬಹುದಿತ್ತು. ಮೂತ್ರಕೋಶ ತುಂಬಿರಬೇಕು ಎಂದು ಕುಡಿಸಿದ ನೀರು, ಡಾಕ್ಟರು ಹತ್ತು ನಿಮಿಷ ತಡಮಾಡಿದ್ದರೆ, ನನ್ನ ಮಾನ ಕಳೆಯಬಹುದಿತ್ತು. ಆಕ್ಯುಪಂಕ್ಚರ್ ಸೂಜಿ ಒಳಗೇ ಮುರಿಯಬಹುದಿತ್ತು. ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗ ಫೈರ್ ಅಲಾರಂ ಹೊಡೆದು, ನಾನು ನಾವಿರುವ ಊರು ಸೆಂಟರ್‌ವಿಲ್ಲಿನ ಪಾರ್ಕಿಂಗ್ ಲಾಟಿನಲ್ಲಿ ಮುಳ್ಳುಹಂದಿಯ ಹಾಗೆ ನಿಲ್ಲಬೇಕಾಗಬಹುದಿತ್ತು. ಅದೇ ಗಳಿಗೆಯಲ್ಲಿ ಕನ್ನಡ ಸಂಘದ ಆಂಟಿಯೊಬ್ಬರು ಪಕ್ಕದ ಅಂಗಡಿಯಿಂದ ಕರಿಬೇವು ಹಿಡಿದು ಹೊರಬರಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ, ಹಿಂದಿನ ಎರಡು ಸಲದಂತೆ ಈ ಸಲವೂ ನಿಲ್ಲದೆ ಹೋಗಬಹುದಿತ್ತು. ಉಳಿದಿದ್ದದ್ದು ಅದೊಂದೇ ಭ್ರೂಣ. ನನಗೆ ನಲವತ್ತೆರಡು.

ಆಕ್ಯುಪಂಕ್ಚರಿನ ಯೋಚನೆ ನನ್ನದೇ. ಅದರ ಬಗ್ಗೆ ನಾಲ್ಕು ಪುಟ ಪ್ರಶ್ನೆ ಬರೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟೆ. ಅವರು ಎರಡನೆಯ ಪುಟದವರೆಗೆ ತಾಳ್ಮೆಯಿಂದ ಓದಿದರು. ಇದರಿಂದ ಮಗುವಾಗುತ್ತದೆಂದು ತಾನು ಹೇಳಲಾರೆ, ಲೈಸೆನ್ಸ್ ಇರುವವರ ಹತ್ತಿರ ಹೋದರೆ ತೊಂದರೆಯೂ ಇಲ್ಲ ಎಂದರು. ಆಮೇಲೆ ಮೂರು ನಾಲ್ಕನೆಯ ಪುಟಗಳ ಕಡೆ ಕಣ್ಣು ಹಾಯಿಸಿ, ನಿಮ್ಮ ವಿಷಯದಲ್ಲಿ ಒಂದಿಷ್ಟು ವಿಶ್ರಾಂತಿ ಸಿಕ್ಕರೂ ದೊಡ್ಡದು ಎಂದರು.

ಹಾಗೆ ನಾನು ಸೇರಿದ್ದು ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ಕೊರಿಯದ ಹೆಂಗಸೊಬ್ಬರ ಕೈಗೆ. ಅರವತ್ತು ದಾಟಿದವರು. ನನ್ನ ನಾಡಿ ಹಿಡಿದ ಮೊದಲ ದಿನವೇ 'ಟೂ ಮಚ್ ಥಿಂಕಿಂಗ್' ಎಂದು ರೋಗ ಹೇಳಿಬಿಟ್ಟರು. ಪ್ರತಿ ಸಲವೂ ಹದಿನೆಂಟು ಸೂಜಿ. ಹಾಕುವಾಗಲೂ ತೆಗೆಯುವಾಗಲೂ ತಮ್ಮ ಭಾಷೆಯಲ್ಲಿ ಮೆಲ್ಲಗೆ ಎಣಿಸುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಕನ್ನಡದಲ್ಲಿ ಎಣಿಸಿ ತಾಳೆ ನೋಡುತ್ತಿದ್ದೆ. ನಡುವಿನ ಅರ್ಧ ಗಂಟೆ ಏನೂ ಯೋಚಿಸಬಾರದು. ನಾನು ಅಲುಗಾಡದೆ, ಬಹಳ ಶ್ರದ್ಧೆಯಿಂದ, ಫೈರ್ ಅಲಾರಮ್ಮಿನ ಬಗ್ಗೆ ಯೋಚಿಸುತ್ತಿದ್ದೆ.

ಆಗ ನಮ್ಮತ್ತೆ ಮೈಸೂರಿನಿಂದ ಆರು ತಿಂಗಳಿಗೆ ಈ ದೇಶಕ್ಕೆ ಬಂದಿದ್ದರು. ಹಿಂದಿನ ಸಲ ಟ್ರೀಟ್‌ಮೆಂಟಿನ ವಿಷಯ ಅವರಿಗೆ ಮೊದಲೇ ಹೇಳಿದ್ದೆವು. ಆಗಲಿಲ್ಲ ಎಂದು ತಿಳಿಸಿದಾಗ ಫೋನಿನ ಆ ಕಡೆಯಿಂದ ಎಷ್ಟೋ ಹೊತ್ತು ಕುಕ್ಕರಿನ ಸದ್ದು ಮಾತ್ರ ಬರುತ್ತಿತ್ತು. ಅದನ್ನು ಮತ್ತೊಮ್ಮೆ ಕೇಳುವ ಧೈರ್ಯ ನಮಗಿರಲಿಲ್ಲ. ಆದ್ದರಿಂದ ಈ ಸಲ ನಾನೂ ನನ್ನ ಗಂಡನೂ ಸೇರಿ ಒಂದು ಸುಳ್ಳು ಕಟ್ಟಿದೆವು: ನನಗೆ ಬೆನ್ನುನೋವು, ಅದಕ್ಕೆ ಸೂಜಿ.

ಬೆನ್ನುನೋವು ಎಂದು ಅತ್ತೆಯ ಮುಂದೆ ಹೇಳುವುದರ ಪರಿಣಾಮವನ್ನು ಮಾತ್ರ, ಏನೇನು ಕೆಡಬಹುದೆಂಬ ನನ್ನ ಪಟ್ಟಿಯಲ್ಲಿ ಬರೆದುಕೊಂಡಿರಲಿಲ್ಲ. ದಿನಾ ಸಂಜೆ ಅವರು ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಂದು, ನನ್ನನ್ನು ಚಾಪೆಯ ಮೇಲೆ ಕೂರಿಸಿ, ಬೆನ್ನು ನೀವುತ್ತಿದ್ದರು. "ಇಲ್ಲಿ ನೋವಾ?" "ಹೂಂ ಅತ್ತೆ." "ಇಲ್ಲಿ?" "ಅಲ್ಲೂ ಸ್ವಲ್ಪ." ನೋವೇ ಇಲ್ಲದ ಬೆನ್ನನ್ನು ಅಷ್ಟು ಪ್ರೀತಿಯ ಕೈಗೆ ಒಡ್ಡಿ ಕೂರುವುದಕ್ಕಿಂತ ನಿಜವಾದ ಬೆನ್ನುನೋವೇ ವಾಸಿ ಅನ್ನಿಸುತ್ತಿತ್ತು.

ಭ್ರೂಣ ಇಡುವ ದಿನ ಬಂತು. ಹೆದ್ದಾರಿ ಖಾಲಿ ಇತ್ತು. ಲ್ಯಾಬಿನವರು ನನ್ನ ಹೆಸರನ್ನು ಮೂರು ಸಲ ಕೇಳಿದರು. ನಾನೇ ನಾಲ್ಕನೆಯ ಸಲ ಹೇಳಿದೆ. ಪರದೆಯ ಮೇಲೆ ಎಳ್ಳುಕಾಳಿನಷ್ಟು ಬೆಳಕು ಮಿನುಗಿತು, ಮುಗಿಯಿತು ಎಂದರು. ಅಲ್ಲಿಂದ ನೇರವಾಗಿ ಬೇಕರಿಯ ಮಹಡಿಗೆ. ಆಕೆ ಎಂದಿನ ಹದಿನೆಂಟು ಸೂಜಿ ಹಾಕಿ, 'ಇವತ್ತು ಸ್ಪೆಷಲ್' ಎಂದು ನೆತ್ತಿಯ ನಡುವೆ ಇನ್ನೊಂದು ಹಾಕಿದರು. ದೀಪ ಸಣ್ಣದು ಮಾಡಿದರು. ಕೆಳಗಿನಿಂದ ಬೆಣ್ಣೆ ಬ್ರೆಡ್ಡಿನ ಘಮ ಬರುತ್ತಿತ್ತು. ಎರಡು ತಿಂಗಳಲ್ಲಿ ಮೊಟ್ಟಮೊದಲ ಬಾರಿಗೆ ನಾನು ನಿದ್ದೆಹೋದೆ.

ಅವರು ಸೂಜಿ ತೆಗೆದದ್ದೂ ಎಣಿಸಿದ್ದೂ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಏನಮ್ಮ ಮುಖ ಇಷ್ಟು ಬಾಡಿದೆ? ಯಾರ ಕಣ್ಣು ಬಿತ್ತೋ. ಬಾ ಇಲ್ಲಿ." ಎರಡೂ ಅಂಗೈಗಳಿಂದ ನನ್ನ ನೆತ್ತಿಯಿಂದ ಕೆನ್ನೆಯವರೆಗೆ ಸವರಿ, ಬೆರಳು ಮಡಿಚಿ ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯುವುದು ಅವರ ಕ್ರಮ. ಬೆರಳುಗಳು ಲಟಲಟ ಎಂದಷ್ಟೂ ದೃಷ್ಟಿ ಇಳಿಯಿತೆಂದು ಲೆಕ್ಕ. ಆ ದಿನ ಕೈ ನೆತ್ತಿಯ ಮೇಲೇ ನಿಂತುಬಿಟ್ಟಿತು. ಕೂದಲಲ್ಲಿ ಏನೋ ಸಿಕ್ಕಿತೆಂದು ಎಳೆದರು. "ಸ್" ಎಂದರು. ಅವರ ಬಲಗೈ ತೋರುಬೆರಳ ತುದಿಯಲ್ಲಿ ಒಂದು ಹನಿ ರಕ್ತ, ಎಡಗೈಯಲ್ಲಿ ಸೂಜಿ.

"ಹೇರ್‌ಪಿನ್ ಇರ್ಬೇಕಮ್ಮ," ಎಂದ ನನ್ನ ಗಂಡ.

"ಅರವತ್ತು ವರ್ಷ ಜಡೆ ಹಾಕ್ಕೊಂಡಿದೀನಿ ಕಣೋ. ಹೇರ್‌ಪಿನ್ ಗೊತ್ತಿಲ್ವಾ ನಂಗೆ?" ನನ್ನ ಕಡೆ ತಿರುಗಿದರು. "ಬೆನ್ನು ನೋವಿಗೆ ನೆತ್ತಿಗೆ ಚುಚ್ತಾರಾ?"

ಎಲ್ಲವನ್ನೂ ಹೇಳಿದೆ. ಒಂದೇ ಉಳಿದಿತ್ತು ಅತ್ತೆ, ಇವತ್ತು ಇಟ್ಟರು, ಇನ್ನು ಒಂಬತ್ತು ದಿನಕ್ಕೆ ರಕ್ತಪರೀಕ್ಷೆ ಎಂದೆ. ಅವರು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತರು.

"ಅಂದ್ರೆ ಬೆನ್ನು ನೋವು?"

"ಇರ್ಲಿಲ್ಲ ಅತ್ತೆ."

"ಒಂದು ದಿನಾನೂ?"

"ಒಂದು ದಿನಾನೂ ಇರ್ಲಿಲ್ಲ. ಹೇಳಿದ್ರೆ ನಿಮಗೂ ಕಾಯೋ ಸಂಕಟ ಅಂತ..."

"ನಿಂಗೊಬ್ಬಳಿಗೇ ಯಾಕಮ್ಮ ಆ ಸಂಕಟ? ನಾನು ಬಂದಿರೋದ್ಯಾಕೆ, ಟೀವಿ ನೋಡಕ್ಕಾ?" ಸೂಜಿಯನ್ನು ಬೆಳಕಿಗೆ ಹಿಡಿದರು. "ಇದನ್ನೆಲ್ಲಿ ಹಾಕೋದು ಈಗ?"

ನನ್ನ ಗಂಡ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಕೆಂಪು ಪ್ಲಾಸ್ಟಿಕ್ ಡಬ್ಬ ತಂದ. ದಿನಾ ಅವನು ನನಗೆ ಕೊಡುತ್ತಿದ್ದ ಹಾರ್ಮೋನ್ ಇಂಜೆಕ್ಷನ್ನುಗಳ ಸೂಜಿಗಳೆಲ್ಲ ಅದರಲ್ಲಿದ್ದವು. ಅತ್ತೆ ಕಿಂಡಿಯಲ್ಲಿ ಒಳಗೆ ಇಣುಕಿದರು. "ಇಷ್ಟೊಂದಾ," ಎಂದರು. ಆಮೇಲೆ ತಮ್ಮ ಕೈಯಲ್ಲಿದ್ದುದನ್ನೂ ಅದರೊಳಗೆ ಬೀಳಿಸಿ, ಎದ್ದರು. "ಬಾ, ಅರ್ಧಕ್ಕೇ ನಿಂತುಹೋಯ್ತು."

ಗಂಡ ಅವರ ಬೆರಳಿಗೆ ಬ್ಯಾಂಡ್‌ಏಡ್ ಸುತ್ತಿದ. ಅತ್ತೆ ಮೊದಲು ನನ್ನ ತಲೆಯನ್ನೆಲ್ಲ ಹೇನು ನೋಡುವವರ ಹಾಗೆ ತಡಕಿ ಇನ್ನೇನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಮತ್ತೆ ನೆತ್ತಿಯಿಂದ ಕೆನ್ನೆಯವರೆಗೆ ಸವರಿ ನೆಟಿಗೆ ಮುರಿದರು. ಈ ಸಲ ನಾನು ಎಚ್ಚರವಾಗಿದ್ದೆ, ಎಣಿಸಿದೆ. ಒಂಬತ್ತು. ಬ್ಯಾಂಡ್‌ಏಡ್ ಸುತ್ತಿದ ಬೆರಳು ಲಟ್ ಅನ್ನಲಿಲ್ಲ.

ಮರುದಿನ ಫೋನ್ ಮಾಡಿದಾಗ ಆಕ್ಯುಪಂಕ್ಚರಿನಾಕೆ ಎಷ್ಟು ಸಾರಿ ಕ್ಷಮೆ ಕೇಳಿದರೆಂದರೆ ಕೊನೆಗೆ ನಾನೇ ಸಮಾಧಾನ ಮಾಡಬೇಕಾಯಿತು. ಅಭ್ಯಾಸಬಲದಿಂದ ಹದಿನೆಂಟಕ್ಕೆ ನಿಲ್ಲಿಸಿದ್ದರು. ಅತ್ತೆ ಸಂಜೆಯ ಎಣ್ಣೆ ನಿಲ್ಲಿಸಲಿಲ್ಲ. ಬೆನ್ನು ಬಿಟ್ಟು ಪಾದಕ್ಕೆ ಹಚ್ಚತೊಡಗಿದರು, ಅಷ್ಟೇ ವ್ಯತ್ಯಾಸ. ನಾನು ಒಂಬತ್ತು ದಿನವೂ ಆ ಮುರಿಯದ ಬೆರಳನ್ನೇ ನೋಡುತ್ತ ಕೂತಿದ್ದೆ.

ಮಗಳಿಗೀಗ ಮೂರು ವರ್ಷ. ಸೂಜಿಯಿಂದಲೋ, ಎಣ್ಣೆಯಿಂದಲೋ, ಡಾಕ್ಟರಿಂದಲೋ ನನಗೆ ಗೊತ್ತಿಲ್ಲ. ಪಟ್ಟಿಯಲ್ಲಿ ಬರೆದದ್ದು ಯಾವುದೂ ಆಗಲಿಲ್ಲ. ಆ ದಿನ ತಪ್ಪಿದ್ದು ಒಂದು ಸೂಜಿಯ ಲೆಕ್ಕ, ಅದರಿಂದಾಗಿ ಅತ್ತೆಯ ಒಂದು ನೆಟಿಗೆ.