ಭಾನುವಾರದ ಪಿಕ್ಚರಿನ ಪಿಸುಮಾತು

ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಪಿಕ್ಚರನ್ನು ಆರಿಸುವ ಅಧಿಕಾರ ಅತ್ತೆಯದು. ಮಗಳು ದೊಡ್ಡವಳಾಗುತ್ತಿದ್ದಂತೆ ಹೊಸ ಚಿತ್ರಗಳನ್ನು ಎಲ್ಲರೂ ಒಟ್ಟಿಗೆ ಕೂತು ನೋಡುವುದು ಕಷ್ಟವಾಯಿತು. ಒಂದು ಹಾಡು ಶುರುವಾದರೆ ಸಾಕು, ನನ್ನ ಗಂಡ ಕೆಮ್ಮುತ್ತಿದ್ದರು, ನಾನು ರಿಮೋಟಿಗಾಗಿ ತಡಕಾಡುತ್ತಿದ್ದೆ, ಮಗಳೊಬ್ಬಳೇ ನಿಶ್ಚಿಂತೆಯಿಂದ ನೋಡುತ್ತಿದ್ದಳು. ಕಡೆಗೆ ಅತ್ತೆ ಹುಕುಂ ಹೊರಡಿಸಿದರು.

"ಇನ್ನ ಹಳೀ ಪಿಕ್ಚರ್ ಅಷ್ಟ ಹಚ್ಚೋದು. ಯಾವುದು ಅಂತ ನಾ ಹೇಳ್ತೀನಿ."

ಕಮಲಾಪುರ ಅವರ ತವರು. ಹುಡುಗಿಯಾಗಿದ್ದಾಗ ಆ ಊರಿಗೆ ಬಂದ ಟೂರಿಂಗ್ ಟಾಕೀಸಿನ ಒಂದು ಚಿತ್ರವನ್ನೂ ಅವರು ಬಿಟ್ಟಿರಲಿಲ್ಲವಂತೆ. ಅರ್ಧಕ್ಕರ್ಧ ಮಾತುಗಳು ಇವತ್ತಿಗೂ ಅವರಿಗೆ ಬಾಯಿಪಾಠ.

ನಾನು ಹುಟ್ಟಾ ಅನುಮಾನದವಳು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬಿದ್ದಿರಬೇಕು ಎಂದುಕೊಳ್ಳುವವಳು. ಅಂಥವಳಿಗೆ ಅತ್ತೆಯ ಆಯ್ಕೆಯ ಬಗ್ಗೆ ಅನುಮಾನ ಬಾರದೆ ಇರುತ್ತದೆಯೇ? ವಾರ ವಾರವೂ ಬಂದದ್ದು ಮನೆಜಗಳದ ಚಿತ್ರಗಳೇ. ಅವುಗಳಲ್ಲೆಲ್ಲ ಸೊಸೆ ಕೆಟ್ಟವಳು, ಅತ್ತೆ ಪಾಪದವಳು. ಮಗಳು ಒಮ್ಮೆ ಹಳೆಯ ಹಾಸ್ಯಚಿತ್ರವೊಂದನ್ನು ಹುಡುಕಿ ತೋರಿಸಿದಳು. ಅತ್ತೆ ಒಪ್ಪಲಿಲ್ಲ.

"ಅದರಾಗ ಬರೇ ಓಡೋದು, ಬೀಳೋದು. ಮಾತಿಲ್ಲ ಕತಿಯಿಲ್ಲ. ಬ್ಯಾಡ."

ಇದು ನನಗೇ ಇಟ್ಟ ಗುರಿ ಎಂದು ನನಗೆ ಖಾತ್ರಿಯಾಯಿತು.

ಅದಕ್ಕೂ ಹೆಚ್ಚಾಗಿ ನನ್ನನ್ನು ಕಾಡಿದ್ದು ಪಿಸುಮಾತು. ಪಕ್ಕದ ಮನೆಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮನಂಥವರು, ಪ್ರತಿ ಭಾನುವಾರ ಬರುತ್ತಿದ್ದರು. ಅವರು ಹೈದರಾಬಾದಿನಿಂದ ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಗೆ ಮದುವೆಯಾಗಿ ಬಂದವರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಓಣಿಯಲ್ಲಿ ಕಲಿತ ಕನ್ನಡ. ಅತ್ತೆ, ಖಾಲಾ ಇಬ್ಬರೂ ಟಿವಿ ಮುಂದಿನ ಗಾದಿಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು, ಚಿತ್ರ ಮುಗಿಯುವವರೆಗೂ ಗುಸುಗುಸು ಎನ್ನುತ್ತಿದ್ದರು. ನಾನು ಹತ್ತಿರ ಸುಳಿದರೆ ಖಾಲಾ ಅತ್ತೆಯ ಮೊಣಕೈ ತಟ್ಟುತ್ತಿದ್ದರು, ಮಾತು ನಿಲ್ಲುತ್ತಿತ್ತು. ನನ್ನ ಸುದ್ದಿಯಲ್ಲದಿದ್ದರೆ ಯಾಕೆ ನಿಲ್ಲಬೇಕು?

ಅಷ್ಟರಲ್ಲಿ ಬಾಳೆಹಣ್ಣಿನ ಪ್ರಸಂಗ ನಡೆಯಿತು. ಅತ್ತೆ ಆಗಾಗ ಕಮಲಾಪುರಕ್ಕೆ ತಮ್ಮನ ಮನೆಗೆ ಹೋಗುತ್ತಿದ್ದರು. ಮೊದಲು ಒಬ್ಬರೇ ಹೋಗುತ್ತಿದ್ದವರು ಈಚೆಗೆ ಖಾಲಾ ಜೊತೆ ಹೊರಡುತ್ತಿದ್ದರು. ಖಾಲಾನ ಮಗಳ ಮನೆಯೂ ಅಲ್ಲೇ. ಆ ಸಲ ಖಾಲಾ ಮಗಳ ಮನೆಯಲ್ಲಿ ಉಳಿದರು. ಅತ್ತೆಯನ್ನು ತಮ್ಮನೇ ಬಸ್ಸು ಹತ್ತಿಸಿದರಂತೆ, ನಮ್ಮ ಸ್ಟಾಪಿನಲ್ಲಿ ನನ್ನ ಗಂಡ ಇಳಿಸಿಕೊಂಡು ಬಂದರು. ಬಂದವರೇ ಕೈಚೀಲ ನನ್ನ ಕೈಗಿಟ್ಟರು.

"ಕೆಂಪು ಬಾಳಿಹಣ್ಣು. ಬಸ್ಸಿನ ಕಿಟಕ್ಯಾಗ ತಗೊಂಡೆ. ದೇವರ ಮುಂದ ಇಡು."

ಚೀಲದಲ್ಲಿದ್ದದ್ದು ಹಳದಿ ಹಣ್ಣು! ಕಲಬುರಗಿಯ ಯಾವ ಗಾಡಿಯಲ್ಲಾದರೂ ಸಿಗುವಂಥದ್ದು. ಕೆಂಪು ಬಾಳೆಯ ಊರಲ್ಲಿ ಹುಟ್ಟಿದವರಿಗೆ ಇಷ್ಟೂ ಗೊತ್ತಾಗಲಿಲ್ಲವೇ? ಅಂದರೆ ಅವರು ಕಮಲಾಪುರಕ್ಕೆ ಹೋಗಿಯೇ ಇರಲಿಲ್ಲ. ಹಾಗಾದರೆ ಎಲ್ಲಿಗೆ? ಅಥವಾ ಹೋಗಿದ್ದರೂ ತಮ್ಮನ ಮನೆಯಲ್ಲಿ ಏನೋ ದೊಡ್ಡ ಮಾತುಕತೆ ನಡೆದು, ಹಣ್ಣಿನ ಮೇಲೆ ಲಕ್ಷ್ಯವೇ ಇರಲಿಲ್ಲ. ತವರಿಗೇ ಹೋಗಿ ನೆಲೆಸುವ ಯೋಚನೆ ಇರಬೇಕು. ಖಾಲಾ ಅದಕ್ಕೆ ವಕೀಲಳು. ಹಾಗೇನಾದರೂ ಆದರೆ ಸೊಸೆ ಅತ್ತೆಯನ್ನು ಓಡಿಸಿದಳು ಎಂದು ಓಣಿ ಮಾತಾಡುತ್ತದೆ. ಓಣಿ ಹಾಳಾಗಲಿ, ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಜಗಳವಾಡಿದ ಹೆಂಗಸು ಎದ್ದು ಹೋಗುತ್ತಾಳೆ ಎಂದರೆ ನನಗೆ ನಿಜಕ್ಕೂ ಸಂಕಟವಾಯಿತು.

ಗಂಡನಿಗೆ ಹೇಳಿದರೆ ನಕ್ಕರು. "ಕಾಮಣಿ ಕಣ್ಣಿಗೆ ಕಂಡದ್ದೆಲ್ಲಾ ಹಳದೀನ ನೋಡು."

ಮುಂದಿನ ಭಾನುವಾರ ನಾನು ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಅವರಿಬ್ಬರ ಬೆನ್ನ ಹಿಂದೆಯೇ ಸದ್ದಿಲ್ಲದೆ ಕೂತೆ. ಕಪ್ಪು ಬಿಳುಪಿನ ಚಿತ್ರ ನಡೆಯುತ್ತಿತ್ತು. ಅತ್ತೆಯನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಖಾಲಾನ ದನಿ ಕೇಳಿಸಿತು.

"ಆಪಾ, ಸೊಸಿ ಬಾಗಲಾಗ ನಿಂತಾಳ. ಮಾರಿ ಗಂಟ ಹಾಕ್ಯಾಳ."

ಸಿಕ್ಕಿಬಿದ್ದಿರಿ ಎಂದುಕೊಂಡೆ. ಮೈಯೆಲ್ಲ ಉರಿಯಿತು. ಆದರೆ ನಾನು ಬಾಗಿಲಲ್ಲಿ ಎಲ್ಲಿ ನಿಂತಿದ್ದೆ? ತಲೆ ಎತ್ತಿ ನೋಡಿದರೆ ಟಿವಿಯಲ್ಲಿ ಸೊಸೆಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಅವಳು ಗ್ರಂಥದ ಕನ್ನಡದಲ್ಲಿ ಉದ್ದಕ್ಕೆ ಏನೋ ಗುಡುಗಿದಳು. ಅತ್ತೆ ಖಾಲಾ ಕಡೆ ವಾಲಿ, "ಈ ಮನಿಯಾಗ ಇನ್ನ ನಂದ ಹುಕುಂ ಬೋಲ್ರೀ," ಎಂದು ದಖನಿ ಬೆರೆಸಿ ಅರ್ಥ ಹೇಳಿದರು. ಖಾಲಾ ಮತ್ತೆ ಶುರುಮಾಡಿದರು.

"ಮುದುಕಿ ಪೆಟಗಿ ಎತ್ಯಾಳ. ಅಂಗಳಾ ದಾಟಾಕತ್ಯಾಳ. ಹಸರ ಸೀರಿ, ಕೆಂಪು ಅಂಚು. ಹೊಳ್ಳಿ ನೋಡ್ಯಾಳ ಒಮ್ಮಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮುಖ ಟಿವಿಯ ಕಡೆಗಿರಲಿಲ್ಲ, ಖಾಲಾನ ಬಾಯಿಯ ಕಡೆಗಿತ್ತು.

ನಾನು ಮೊರ ಕೆಳಗಿಟ್ಟೆ. ಹಳದಿ ಬಾಳೆಹಣ್ಣು ನೆನಪಾಯಿತು. ಅತ್ತೆ ಅಕ್ಕಿ ಆರಿಸುವುದನ್ನು ಬಿಟ್ಟದ್ದು ನೆನಪಾಯಿತು. ಅದನ್ನು ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೆ. ಮನೆಜಗಳದ ಚಿತ್ರಗಳಲ್ಲಿ ಮಾತು ಜಾಸ್ತಿ, ಕಿವಿಯಿಂದಲೇ ಮುಕ್ಕಾಲು ಕತೆ ತಿಳಿಯುತ್ತದೆ. ಅವು ನನಗಿಟ್ಟ ಗುರಿಯಾಗಿರಲೇ ಇಲ್ಲ.

ಹೊರಟ ಖಾಲಾನನ್ನು ಹೊರಬಾಗಿಲಲ್ಲಿ ತಡೆದೆ. ಅತ್ತೆಗೆ ತಮ್ಮ ಹೆಸರು ಹೇಳಬಾರದೆಂದು ಅವರು ಮೊದಲು ಆಣೆ ಹಾಕಿಸಿಕೊಂಡರು, ಆಮೇಲೆ ಬಾಯಿ ಬಿಟ್ಟರು.

"ಹೋದ ತಿಂಗಳ ಸೂಪರ್ ಮಾರ್ಕೆಟ್ ಬಜಾರಕ್ಕ ಬಳಿ ಇಡಿಸ್ಕೊಳ್ಳಾಕ ಅಂತ ಹೇಳಿ ಹೋದ್ವಲ್ಲಾ, ಅವತ್ತ ಕಣ್ಣಿನ ಡಾಕ್ಟರ್ ಕಡೆ ಹೋಗಿದ್ವಿ. ಕಣ್ಣಿನ ನರ ಒಣಗ್ಯಾದಂತ. ಹೋದ ನಜರ್ ವಾಪಸ್ ಬರಂಗಿಲ್ಲ. ಇದ್ದದ್ದು ಉಳಿಲಿ ಅಂತ ದವಾ ಕೊಟ್ಟಾರ."

"ನಮಗ್ಯಾಕ ಹೇಳಲಿಲ್ರಿ?"

"ಹೇಳಿದ್ರ ಕಮಲಾಪುರಕ್ಕ ಬಿಡಂಗಿಲ್ಲ, ಮೂಲ್ಯಾಗ ಕೂಡಸ್ತಾರ ಅಂತಾಳ ಆಪಾ."

ನಾನು ಖಂಡಿತ ಹಾಗೆಯೇ ಮಾಡುತ್ತಿದ್ದೆ, ಅದೂ ಪ್ರೀತಿಯಿಂದ. ನನ್ನಿಂದ ವಿಷಯ ತಿಳಿದ ಗಂಡ ಆ ಡಾಕ್ಟರರನ್ನು ಹುಡುಕಿಕೊಂಡು ಹೋಗಿ ಅದೇ ಮಾತು ಕೇಳಿ ಬಂದರು. ಅವ್ವ ತಾನೇ ಹೇಳುವವರೆಗೆ ಸುಮ್ಮನಿರೋಣ ಎಂದರು. ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ.

ಮುಂದಿನ ಭಾನುವಾರ ಖಾಲಾ ಮಗಳ ಬಾಣಂತನಕ್ಕೆಂದು ಕಮಲಾಪುರದಲ್ಲಿದ್ದರು. ಊಟವಾದ ಮೇಲೆ ಅತ್ತೆ, "ಇವತ್ತ ಪಿಕ್ಚರ್ ಬ್ಯಾಡ, ತಲಿ ನೋಯಾಕತ್ತದ," ಎಂದರು. ನಾನು ಕೇಳಲಿಲ್ಲ. ಮಾತು ಜಾಸ್ತಿ ಇರುವ ಹಳೆಯ ಚಿತ್ರವೊಂದನ್ನು ನಾನೇ ಆರಿಸಿ ಹಚ್ಚಿ, ಗಾದಿಯ ಮೇಲೆ ಖಾಲಾನ ಜಾಗದಲ್ಲಿ ಕೂತೆ. ಗಂಡ, ಮಗಳು ಹಿಂದೆ ಕೂತಿದ್ದರು. ನಾನು ದನಿ ತಗ್ಗಿಸಿ ಹೇಳಿದೆ.

"ಅತ್ತೀ, ಒಬ್ಬಾಕಿ ಕೊಡಾ ಹೊತ್ತು ಬಾವಿ ಕಡೆ ಹೊಂಟಾಳ್ರಿ."

ಅಡಿಕೆ ಕತ್ತರಿಸುತ್ತಿದ್ದ ಅತ್ತೆ ಅಡಕತ್ತರಿ ಕೆಳಗಿಟ್ಟರು. ಬಾವಿಯ ಹಾಡು ಮುಗಿದ ಮೇಲೆ ಕೇಳಿದರು.

"ಖಾಲಾ ಹೇಳಿದಳೇನು?"

"ಇಲ್ರಿ. ನಾನ ಕದ್ದು ಕೇಳೀನಿ."

"ಕೇಳ್ತಿ ಬಿಡು. ನಿನ್ನ ಅನುಮಾನ ಸುಮ್ಮ ಕೂಡ್ತದೇನು?" ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು, "ಇನ್ನ ಕಮಲಾಪುರಕ್ಕ ಕಳಸಂಗಿಲ್ಲ, ಹೌದಿಲ್ಲೋ?"

ಹಾಗೆ ಬೇಡಿಕೊಳ್ಳುವ ದನಿಯನ್ನು ನಾನು ಅವರಲ್ಲಿ ಎಂದೂ ಕೇಳಿರಲಿಲ್ಲ. ನನಗೆ ಅಳು ಬಂತು.

"ಹೋಗ್ರಿ. ಖಾಲಾ ಇಲ್ಲಂದ್ರ ನಾ ಬರ್ತೀನಿ ಸಂಗಟ."

"ನೀ ಬಂದ್ರ ಬಾಳಿಹಣ್ಣಿನವನ ಜೋಡಿ ಜಗಳಾ ತಗೀತಿ."

"ತಗೀತೀನ್ರಿ. ಮೋಸ ಮಾಡ್ಯಾನ ಅವಾ."

ಅತ್ತೆ ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡರು. "ಇರಲಿ. ಅಕಿ ಸೀರಿ ಯಾವ ಬಣ್ಣದ್ದು ಹೇಳು."

ತೆರೆಯ ಮೇಲೆ ಬೂದಿ ಬಣ್ಣದ ಹೆಂಗಸು, ಬೂದಿ ಬಣ್ಣದ ಸೀರೆಯುಟ್ಟು, ಬೂದಿ ಬಣ್ಣದ ಬಾವಿಯ ಪಕ್ಕ ನಿಂತಿದ್ದಳು.

"ಹಸರ್ರಿ," ಎಂದೆ.

"ಹಸರು ಹ್ವಾದ ವಾರ ಆತು. ಇದು ಕಪ್ಪು ಬಿಳುಪು ಅಂತ ನನಗೂ ಗೊತ್ತದ. ಖಾಲಾ ವಾರಾ ವಾರಾ ಬ್ಯಾರೆ ಬ್ಯಾರೆ ಉಡಸ್ತಾಳ. ಚಂದಂದು ಹೇಳು."

ನಾನು ಯೋಚಿಸಿದೆ. "ಕೆಂಪ್ರಿ. ನಿಮ್ಮೂರಿನ ಬಾಳಿಹಣ್ಣಿನ ಕೆಂಪು."

ಅತ್ತೆ ನನ್ನ ಭುಜಕ್ಕೆ ಭುಜ ತಾಗಿಸಿ, ಟಿವಿಯ ಕಡೆ ಮುಖ ಮಾಡಿ ಕೂತರು.

"ಹ್ಞಾಂ," ಎಂದರು. "ಈಗ ಕಾಣ್ತು ನೋಡು."