ಬೀಗರ ವಿಮಾನ ಹುಬ್ಬಳ್ಳಿಗೆ ಹೋದ ದಿನ

ಖಾನಾಪುರದ ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. "ಬಿಎಸ್ಸಿ ಕಲ್ತು ಮುಗಿಲು ನೋಡ್ಕೋತ ಕುಂದರ್ತಾಳೇನು?" ಎಂದು ಸೋದರಮಾವ ನಕ್ಕಿದ್ದ. ಹಾಗೆಯೇ ಆಯಿತು. ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ ಹವಾಮಾನ ನೋಡುವುದೇ ನನ್ನ ನೌಕರಿ. ಮೋಡ ಎಷ್ಟು ಕೆಳಗಿದೆ, ಕಣ್ಣು ಎಷ್ಟು ದೂರ ಹಾಯುತ್ತದೆ ಎಂದು ನೋಡಿ ಬರೆಯುತ್ತೇನೆ. ದೂರ ತಿಳಿಯಲು ಗುರುತುಗಳಿವೆ: ನೀರಿನ ಟ್ಯಾಂಕು, ಅದರಾಚೆ ಟವರು, ಕೊನೆಗೆ ಗುಡ್ಡ.

ಆ ಮಳೆಗಾಲದಲ್ಲಿ ಎಲ್ಲೋ ದೂರದ ಊರಲ್ಲಿ ಪ್ರಯಾಣಿಕರ ವಿಮಾನವೊಂದು ಬಿತ್ತು. ಮಳೆ, ಮಂಜಿನ ನಡುವೆ ಉಪಕರಣಗಳನ್ನು ನೆಚ್ಚಿ ಇಳಿಯುತ್ತಿತ್ತು. ಉಪಕರಣಗಳು ಒಂದು ನಿಗದಿತ ಎತ್ತರದವರೆಗೆ ತಂದು ಬಿಡುತ್ತವೆ. ಅಲ್ಲಿ ಪೈಲಟ್‌ಗೆ ರನ್‌ವೇ ಕಾಣಬೇಕು, ಕಾಣದಿದ್ದರೆ ಮತ್ತೆ ಮೇಲೇರಬೇಕು. ಅದು ಮೇಲೇರಲಿಲ್ಲ. ಟಿವಿ ಮುಂದೆ ಕೂತ ಮಾವ ಕಣ್ಣೊರೆಸಿಕೊಂಡ.

ಅದೇ ವಾರ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಅವನ ಮಗಳ ನಿಶ್ಚಿತಾರ್ಥ. ಗಂಡಿನವರು ಬೆಂಗಳೂರಿನಿಂದ ವಿಮಾನದಲ್ಲಿ ಹೊರಟಿದ್ದರು. ಬೆಳಗಿನ ಪಾಳಿ ನನ್ನದು. ಹೊರಗೆ ದಟ್ಟ ಮಂಜು. ಹಾರ ಹಿಡಿದು ನಿಲ್ದಾಣದ ಗೇಟಿನಲ್ಲಿ ನಿಂತಿದ್ದ ಮಾವ ಫೋನು ಮಾಡಿದ.

"ಬೀಗರು ಮ್ಯಾಲೆ ಸುತ್ತಾಕ ಹತ್ಯಾರಂತ. ಕಾಣ್ತೈತಿ ಅಂತ ಬರದ್ಬಿಡವಾ. ಮಷೀನ ಇಳಸ್ತಾವಲ್ಲ, ನಿಂದೇನು ನಡುವ?"

"ಟ್ಯಾಂಕ ಕಾಣವಲ್ದು ಮಾಂವಾ."

"ದಿನಾ ನೋಡೂ ಟ್ಯಾಂಕು! ಎದ್ದು ಮಚ್ಛೆ ಊರಿಗೆ ಹೋಗೈತೇನ?"

"ಮೊನ್ನೆ ಟಿವಿ ಮುಂದ ಅತ್ತವರು ಯಾರು?"

"ಅದು ಬ್ಯಾರೆ ಊರಿಂದು!"

ಫೋನಿಟ್ಟೆ. ನಮ್ಮ ಕೆಲಸದಲ್ಲಿರುವವರು ಮಾಡುವ ತಪ್ಪನ್ನೇ ಅವನು ಹೇಳಿದ್ದ. ದಿನವೂ ನೋಡುವ ಟ್ಯಾಂಕನ್ನು, ಕಾಣದಿದ್ದರೂ, ರೂಢಿಯೇ ಕಣ್ಣಿಗೆ ತೋರಿಸಿಬಿಡುತ್ತದೆ. ನನಗೂ ಬೂದು ಅಂಚೊಂದು ಕಂಡಂತಾಯಿತು. ನೆಲ ನೋಡಿದೆ, ಮತ್ತೆ ತಲೆಯೆತ್ತಿದೆ. ಬರೀ ಬಿಳುಪು. ಹಾಗೆಯೇ ವರದಿ ಕೊಟ್ಟೆ. ನಿರ್ಧಾರ ಪೈಲಟ್‌ನದು. ಅವನು ವಿಮಾನವನ್ನು ಹುಬ್ಬಳ್ಳಿಗೆ ತಿರುಗಿಸಿದ.

ಬೀಗರು ಅಲ್ಲಿಂದ ಕಾರಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಮುಹೂರ್ತ ಮೀರಿತ್ತು. ಪಾಳಿ ಮುಗಿಸಿ ಹೋದ ನನ್ನನ್ನು ಮಾವ ತುಂಬಿದ ಮನೆಯಲ್ಲಿ ಬೊಟ್ಟು ಮಾಡಿ ತೋರಿಸಿದ. "ನೋಡ್ರಿ, ನಿಮ್ಮ ವಿಮಾನ ಹುಬ್ಬಳ್ಳಿಗೆ ಓಡಿಸಿದ ಶ್ಯಾಣ್ಯಾಕಿ! ಬಳಗದ ಮಾನಕ್ಕಿಂತ ಇಕಿಗೆ ಟ್ಯಾಂಕ ದೊಡ್ಡದು."

ಅವ್ವ ರಟ್ಟೆ ಹಿಡಿದು ಪಿಸುಗುಟ್ಟಿದಳು, "ತಪ್ಪಾತು ಅಂದ್ಬಿಡು, ನಿನಗೇನು ಹೋಗ್ತೈತಿ?"

ಅನ್ನಲಿಲ್ಲ. ನಾನು ಕಲಿತದ್ದು ಮಾಡದ ತಪ್ಪನ್ನು ಒಪ್ಪಿಕೊಳ್ಳಲಿಕ್ಕಲ್ಲ. ಬೀಗರ ಕಡೆ ತಿರುಗಿದೆ. "ಹೌದ್ರಿ, ಬರದಾಕಿ ನಾನ. ಮದುವಿಗೂ ವಿಮಾನದಾಗ ಬರ್ರಿ. ಅವತ್ತೂ ಕಾಣದಿದ್ರ ಕಾಣವಲ್ದು ಅಂತನ ಬರೀತೀನಿ."

"ರೈಲಿಗೆ ಬರ್ತೀವಿ ಬಿಡಮ್ಮ," ಎಂದರು ಗಂಡಿನ ತಾಯಿ. ಅದು ಸಿಟ್ಟೋ ನಗೆಯೋ, ನನಗೆ ಇಂದಿಗೂ ತಿಳಿದಿಲ್ಲ.

ಊಟಕ್ಕೆ ಮೊದಲ ಸಾಲಿನಲ್ಲೇ ಕೂತೆ. ಬಡಿಸುತ್ತ ಬಂದ ಮಾವ ನನ್ನ ಎಲೆ ದಾಟಿ ಮುಂದೆ ಹೋದ.

"ಮಾಂವಾ, ಹೋಳಿಗಿ!" ಎಂದು ಗಟ್ಟಿಯಾಗಿ ಕರೆದೆ.

ಸಾಲಿಗೆ ಸಾಲೇ ತಲೆಯೆತ್ತಿತು. ಅವನು ತಿರುಗಿ ಬಂದು ಒಂದು ಹಾಕಿದ.

"ಇನ್ನೊಂದು," ಎಂದೆ.