ಮಾವನ ಕೈ, ಮುಗುಡಿನ ಮುಳ್ಳು

ಅವರ ಎಡಗೈ ಹೆಬ್ಬೆರಳ ಬುಡದಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಬಿಳಿ ಕಲೆಗಳಿದ್ದವು. ಒಂದರ ಪಕ್ಕ ಒಂದು, ಕೆಲವು ಒಂದರ ಮೇಲೊಂದು. ಕೋಳಿ ಕತ್ತರಿಸುವ ಮರದ ದಿಮ್ಮಿಗೆ ಆ ಕೈ ಊರಿ ನಿಂತಾಗ ಹೊಸ ಗಿರಾಕಿಗಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕತ್ತಿ ತಾಗಿದ್ದೇ ಎಂದು ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

"ಕತ್ತಿ ತಾಗ್ಸ್ಕಂಬುಕೆ ನಾ ಎಂತ ನಿನ್ನೆ ಅಂಗ್ಡಿ ಇಟ್ಟವ್ನಾ? ಇದೆಲ್ಲ ಮುಗುಡಿಂದ್ ಮಾರಾಯ್ರೆ, ಮುಗುಡಿಂದ್!" ಎಂದು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು, ಓಟದಲ್ಲಿ ಗೆದ್ದವರು ಪದಕ ತೋರಿಸುವ ಹಾಗೆ.

ಹೆಮ್ಮಾಡಿಯಲ್ಲಿ ಹೆದ್ದಾರಿಯ ಬದಿಗೆ ಅವರ ಕೋಳಿ ಅಂಗಡಿ. ಎರಡು ಬಾಗಿಲು ಆಚೆ ನಾನು ಲೆಕ್ಕ ಬರೆಯುವ ಮೆಡಿಕಲ್ ಶಾಪ್. ಮುಂಬೈಯ ಹೋಟೆಲುಗಳಲ್ಲಿ ಅರ್ಧ ಆಯಸ್ಸು ಕಳೆದು ಬಂದವರು ಅವರು. ಊರಿನ ಸಣ್ಣವರಿಗೆಲ್ಲ ಮಾವ. ಗಲ್ಲಾದಲ್ಲಿ ಕೂರುತ್ತಿದ್ದ ಅವರ ಹೆಂಡತಿ ನಮಗೆಲ್ಲ ಅತ್ತೆ. ಮಾವನ ಮಾತು ರಸ್ತೆಯಾಚೆಗೂ ಕೇಳುತ್ತಿತ್ತು. ಅತ್ತೆಯ ಮಾತು ಮಾವನಿಗೆ ಮಾತ್ರ ಕೇಳುತ್ತಿತ್ತು, ಆದರೆ ಅಷ್ಟು ಸಾಕಾಗುತ್ತಿತ್ತು.

ಮುಗುಡು ಗೊತ್ತಿಲ್ಲದವರಿಗೆ ಒಂದು ಮಾತು. ಹುರುಪೆಯಿಲ್ಲದ ನುಣುಪು ಮೈ, ಕೆಸರಿನ ಬಣ್ಣ, ಬಾಯಿಯ ಸುತ್ತ ಉದ್ದ ಮೀಸೆ. ಸಣ್ಣ ಹಳ್ಳದಂಥ ತೋಡು, ಕೆರೆಯಂಥ ಮದಗ, ಗದ್ದೆಯಂಚಿನ ಹೊಂಡಗಳಲ್ಲಿ ಇರುವ ಮೀನು. ತಲೆಯ ಹಿಂದೆ, ಎರಡೂ ಪಕ್ಕದ ರೆಕ್ಕೆಗಳಲ್ಲಿ ಒಂದೊಂದು ಗಟ್ಟಿ ಮುಳ್ಳು. ಹಿಡಿಯುವ ಕೈ ಒಂದು ಬೆರಳು ಆಚೀಚೆಯಾದರೂ ಆ ಮುಳ್ಳು ಸರಿಯಾಗಿ ಒಳಗಿಳಿಯುತ್ತದೆ, ಮತ್ತೆ ರಾತ್ರಿಯಿಡೀ ಸಿಡಿಯುತ್ತದೆ.

ಹುಡುಗಿಯರಿಗೆ ಗಾಳ ಕಲಿಸುವವರು ನಮ್ಮಲ್ಲಿಲ್ಲ, ನಾನು ಅದನ್ನು ಹಿಡಿದದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ರೀಲು ಸಮೇತ ಉದ್ದದ ಒಂದು ರಾಡ್ ಆನ್‌ಲೈನಿನಲ್ಲಿ ತರಿಸಿಕೊಂಡು ನಾಲ್ಕು ಭಾನುವಾರ ನಮ್ಮ ಮನೆ ಹಿಂದಿನ ತೋಡಿಗೆ ಹೋದೆ. ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಹೊರಟ ಹೊತ್ತು, ಹಾಕಿದ ಎರೆ, ಸಿಕ್ಕಿದ ಮೀನು. ನಾಲ್ಕು ವಾರವೂ ಕೊನೆಯ ಸಾಲಿನಲ್ಲಿ ಸೊನ್ನೆ. ಐದನೆಯ ವಾರ ಕೋಳಿಕರುಳು ಕೇಳಲು ರಾಡ್ ಹಿಡಿದುಕೊಂಡೇ ಮಾವನ ಅಂಗಡಿಗೆ ಹೋದೆ.

ಮಾವ ಕರುಳು ಕೊಡಲಿಲ್ಲ. ರಾಡ್ ಕೈಗೆ ತೆಗೆದುಕೊಂಡು ತುದಿಯಿಂದ ಬುಡದವರೆಗೆ ನೋಡಿದರು.

"ಯಾವ ನೀರಿಗ್ ಹೋಪುದ್?"

"ಮನೆ ಹಿಂದಿನ ತೋಡಿಗೆ ಮಾವ."

"ಇದ್ ಸಮುದ್ರದ್ ದಂಡಿಯಲ್ ನಿಂತ್ಕಂಡ್ ದೂರ ಎಸೂಕೆ ಮಾಡದ್. ನಿಮ್ ತೋಡಲ್ ಬೀಸಿರೆ ಗಾಳ ನೀರ್ ದಾಟಿ ಆಚಿ ಗದ್ದಿಗ್ ಬೀಳತ್ತ್. ಅಲ್ಲಿ ಎಂತ ಹಿಡೀತೆ, ಕಪ್ಪಿಯಾ?"

ಗಲ್ಲಾದ ಹಿಂದಿನಿಂದ ಅತ್ತೆ ನಕ್ಕರು. ನಾನು ಡೈರಿ ತೆಗೆದು ನಾಲ್ಕು ವಾರದ ವಿವರ ಓದಿದೆ. ಮಾವ ಗಂಭೀರವಾಗಿ ಕೇಳಿದರು. ಆಮೇಲೆ ಅಂದರು: "ಚಂದ ಬರ್ದಿದೆ. ಆರೆ ಮುಗುಡ್ ನಿನ್ ಡೈರಿ ಓದಿ ಬತ್ತಾ ಮಗಾ? ಮೊದ್ಲ್ ನೀರ್ ಕಾಣ್. ಗಾಳ ಆಮೇಲೆ."

ಅದೇ ಅವರ ಕ್ರಮ. ಹೊಸ ಜಾಗಕ್ಕೆ ಮೊದಲ ದಿನ ಬರಿಗೈಯಲ್ಲಿ ಹೋಗುವುದು. ದಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೊಗಸೆಯಲ್ಲಿ ನೀರು ತೆಗೆದು ಮೂಸುವುದು, ಒಣಗಿದ ಎಲೆಯೊಂದನ್ನು ಬಿಟ್ಟು ಅದು ಎಷ್ಟು ಬೇಗ ಹೋಗುತ್ತದೆ ಎಂದು ನೋಡುವುದು, ಕೇದಿಗೆ ಪೊದೆಯ ಬೇರಿನ ಕೆಳಗೆ ಕೋಲು ಇಳಿಸಿ ಆಳ ಅಳೆಯುವುದು. ಇಷ್ಟು ಮುಗಿದ ಮೇಲೆ ಮನೆಗೆ ಬಂದು ಸಾಮಾನು ಆರಿಸುವುದು.

ಅವರ ಹತ್ತಿರ ಮೂರು ಬಗೆಯ ಸಾಮಾನಿತ್ತು. ಕಿರಿದಾದ ತೋಡಿಗೆ ಬಿದಿರಿನ ಕೋಲು, ಕೋಲಿನಷ್ಟೇ ಉದ್ದದ ದಾರ, ಮೇಲೆ ಬೆಂಡು. ಬೇರು ಬಂಡೆಗಳಿರುವ ಆಳದ ಹೊಂಡಕ್ಕೆ, ಗಾಜಿನ ಬಾಟಲಿಗೆ ಸುತ್ತಿದ ದಪ್ಪ ತಂಗೂಸು. ಅಂದರೆ ನೈಲಾನ್ ದಾರ. ಕೋಲಿಲ್ಲದೆ ಬರಿಗೈಯಲ್ಲೇ ಎಳೆಯುವುದು. ಮೂರನೆಯದು ಮುಂಬೈಯಿಂದ ತಂದ ರೀಲಿನ ರಾಡ್. ಅದನ್ನು ಅವರು ಎಣ್ಣೆ ಹಾಕಿ ಒರೆಸಿ ಇಡುತ್ತಿದ್ದರೇ ಹೊರತು ಬಳಸಿದ್ದನ್ನು ನಾನು ಕಾಣೆ. ಕೇಳಿದರೆ, "ಅದ್ ಮದಿಮನಿಗ್ ಹೋಪತ್ತಿಗೆ ಹಾಕು ಶರ್ಟ್ ಇದ್ದಂಗೆ" ಅನ್ನುತ್ತಿದ್ದರು.

ಎರೆಯ ವಿಷಯದಲ್ಲಿ ಅವರಿಗೆ ಊರಿನವರೊಂದಿಗೆ ಯಾವಾಗಲೂ ಜಗಳ. ಕರುಳು ಕೊಳೆತಷ್ಟೂ ಮುಗುಡು ಬರುತ್ತದೆ ಎಂದು ಎಲ್ಲರ ನಂಬಿಕೆ. ಎರಡು ದಿನ ಡಬ್ಬಿಯಲ್ಲಿಟ್ಟು ನಾರುವ ಕರುಳು ತಂದವರನ್ನು ಮಾವ ಅಂಗಡಿಯ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. "ಅದ್ ಕೊಳ್ಕ್ ತಿಂಬು ಜೀವ ಅಲ್ಲ ಕಾಣಿ. ವಾಸ್ನಿ ಹಿಡ್ಕಂಡ್ ಬಪ್ಪುದ್. ನಿಮ್ಗೆ ಹಳ್ಸಿದ್ ಸಾರ್ ಕೊಟ್ರೆ ಹೋಟ್ಲಿಗ್ ಇನ್ನೊಂದ್ ಸಲ ಬತ್ರ್ಯಾ?" ತಿಳಿನೀರಿಗೆ ಎರೆಹುಳು. ಮಳೆ ಬಂದು ನೀರು ಕೆಂಪಾದರೆ ಕೋಳಿಯ ಪಿತ್ತಕೋಶ ತೆಗೆದ ತಾಜಾ ಲಿವರ್. ಲಿವರ್ ಮೆತ್ತಗಿರುವುದರಿಂದ ಗಾಳದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಉಪ್ಪು ಸವರಿ, ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಅತ್ತೆಯ ಹೊಲಿಗೆ ಡಬ್ಬಿಯಿಂದ ಕದ್ದ ನೂಲಿನಿಂದ ಗಾಳಕ್ಕೆ ಸುತ್ತುತ್ತಿದ್ದರು. ಅತ್ತೆಯ ರವಿಕೆಗೂ ಮಾವನ ಲಿವರಿಗೂ ಒಂದೇ ಬಣ್ಣದ ನೂಲು.

ಇನ್ನೊಂದು ಕ್ರಮವಿತ್ತು. ಮೊದಲ ಮಳೆಗೆ ಮುಗುಡು ತೋಡಿನಿಂದ ಗದ್ದೆಗೆ ಹತ್ತಿ ಬರುತ್ತದೆ. ಊರೆಲ್ಲ ಬುಟ್ಟಿ ಹಿಡಿದು ಹೊರಡುವ ಆ ವಾರಗಳಲ್ಲಿ ಮಾವ ಎರೆಗೆಂದು ಯಾರಿಗೂ ಏನೂ ಕೊಡುತ್ತಿರಲಿಲ್ಲ, ಕರುಳೆಲ್ಲ ಬೀದಿನಾಯಿಗಳಿಗೆ. "ಹೊಟ್ಟಿ ತುಂಬ ಮೊಟ್ಟಿ ಇಟ್ಕಂಡ್ ಬಪ್ಪುದಕ್ಕೆ ಗಾಳ ಹಾಕುದ್ ಎಂತ ಗಂಡಸ್ತನ" ಎಂದು ಕಾರಣವನ್ನೂ ಕೂಗಿಯೇ ಹೇಳುತ್ತಿದ್ದರು.

ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಕೊಕ್ಕೆ ಇರುತ್ತದಲ್ಲ, ಅದನ್ನು ಮಾವ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಕೊಕ್ಕೆಯಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಕೇಳಿದೆ. "ದಾರ ಬಿಗಿ ಇದ್ರೆ ಎಲ್ಲಿಗ್ ಹೋತ್? ಕೊಕ್ಕಿ ಇದ್ರೆ ಬಿಡ್ಸುಕೆ ಹೊತ್ತ್ ಆತ್ತ್. ಹೊತ್ತ್ ಆದಷ್ಟೂ ಚುಚ್ಚತ್ತ್." ಆಮೇಲೆ ಹೆಬ್ಬೆರಳು ಎತ್ತಿದರು. ಆ ಕಲೆಗಳೆಲ್ಲ ಕೊಕ್ಕೆ ಚಪ್ಪಟೆ ಮಾಡುವುದನ್ನು ಕಲಿಯುವ ಮೊದಲಿನವಂತೆ.

ಆದರೆ ಒಂದು ಕಲೆ ಆಮೇಲಿನದು. ಅದೇ ಎಲ್ಲ ತೊಂದರೆಗೂ ಮೂಲ.

ಮಾವನಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ಒಯ್ಯುತ್ತಿದ್ದುದು ನಮ್ಮ ಅಂಗಡಿಯಿಂದಲೇ. ಒಂದು ಭಾನುವಾರ ಚುಚ್ಚಿದ ಮುಳ್ಳಿನ ಗಾಯ ಮೂರು ವಾರವಾದರೂ ಒಣಗಲಿಲ್ಲ. ಹೆಬ್ಬೆರಳು ಬದನೆಯ ಬಣ್ಣಕ್ಕೆ ತಿರುಗಿತು. ಕುಂದಾಪುರದ ಡಾಕ್ಟರು ನೋಡಿ, ಈ ಸಲ ಉಳಿಸಬಹುದು, ಇನ್ನೊಮ್ಮೆ ಹೀಗಾದರೆ ಬೆರಳು ತೆಗೆಯಬೇಕಾದೀತು ಎಂದರು. ಅತ್ತೆ ಮನೆಗೆ ಬಂದವರೇ ಬಿದಿರಿನ ಕೋಲು, ಬಾಟಲಿ, ರೀಲು ಎಲ್ಲವನ್ನೂ ಅಟ್ಟಕ್ಕೆ ಹಾಕಿ ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು.

ಗಾಯ ಒಣಗಿತು, ಆದರೆ ಮಾವನ ಮಾತು ನಿಂತಿತು. ಗಿರಾಕಿ ಕೇಳಿದಷ್ಟು ತೂಗಿ ಕೊಡುವುದು, ಸುಮ್ಮನೆ ಕೂರುವುದು. ಒಂದು ದಿನ ಯಾರೋ ನಾರುವ ಕರುಳಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದರು; ಮಾವ ತಲೆ ಎತ್ತಲಿಲ್ಲ. ಅವತ್ತೇ ಸಂಜೆ ಅತ್ತೆ ನಮ್ಮ ಅಂಗಡಿಗೆ ಬಂದರು.

"ಇವ್ರ್ ಹೀಂಗೆ ಕೂಕಂಡ್ರೆ ಬೆರಳ್ ಉಳ್ದೂ ಎಂತ ಆಯ್ಕ್? ನೀ ಒಂದ್ ಕೆಲ್ಸ ಮಾಡ್. ಭಾನುವಾರ ಇವ್ರನ್ನ ಕರ್ಕಂಡ್ ಹೋಗ್. ನೀರ್ ಕಾಂಬುದ್, ಗಾಳ ಕಟ್ಟುದ್, ಬಾಯಲ್ ಹೇಳುದ್, ಅಷ್ಟೇ ಇವ್ರ್ದ್. ನೀರಿಗ್ ಇಳಿಯೂಕಾಗ. ಮೀನ್ ಮುಟ್ಟೂಕಾಗ. ಮೀನ್ ಹಿಡುದ್ ನಿನ್ ಕೈ."

ಮಾವ ಅದಕ್ಕೆ ಒಪ್ಪಿ, ದೇವರ ದೀಪದ ಎದುರು ಅತ್ತೆಗೆ ಮಾತು ಕೊಟ್ಟರು. ಏಣಿ ವಾಪಸು ಬಂತು. ಮರುದಿನ ರಸ್ತೆಯಾಚೆಗೆ ಮತ್ತೆ ಅವರ ಮಾತು ಕೇಳಿತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಮಾವ ದಡದ ಕಲ್ಲಿನ ಮೇಲೆ, ನಾನು ನೀರಿನ ಅಂಚಿನಲ್ಲಿ. ಪಕ್ಕದಲ್ಲಿ ಅತ್ತೆ ಕೊಟ್ಟ ಫ್ಲಾಸ್ಕ್. ಅದರಲ್ಲಿ ಚಹಾ ಅಲ್ಲ, ಬಿಸಿನೀರು. ಮುಳ್ಳು ಚುಚ್ಚಿದಾಗ ಬಿಸಿನೀರಿನಲ್ಲಿ ಬೆರಳು ಅದ್ದಿದರೆ ಉರಿ ಇಳಿಯುತ್ತದೆ. ಬೆಂಡು ಅಲುಗಿದೊಡನೆ ನಾನು ಎಳೆಯುತ್ತಿದ್ದೆ. "ತಡಿ ಮಾರಾಯ್ತಿ, ಅದ್ ಬರೀ ಮೀಸಿ ತಾಗ್ಸಿ ಕಾಂತಿತ್ತ್. ಬೆಂಡ್ ಓರಿ ಆಯಿ ನಡ್ಕಂಡ್ ಹೊರ್ಟತ್ತಿಗೆ ಎಳಿ." ಮುಗುಡನ್ನು ಹಿಡಿಯುವ ಬಗೆಯನ್ನು ಅವರು ಒಂದು ಬದನೆಕಾಯಿಯ ಮೇಲೆ ಕಲಿಸಿದರು: ಅಂಗೈ ಹೊಟ್ಟೆಯ ಕೆಳಗೆ, ಹೆಬ್ಬೆರಳು ಒಂದು ಮುಳ್ಳಿನ ಹಿಂದೆ, ತೋರುಬೆರಳು ಇನ್ನೊಂದರ ಹಿಂದೆ.

ನಾನು ಬರೆಯಲೇಬೇಕಾದ ದಿನ ಮಳೆಗಾಲ ಮುಗಿದ ಮೇಲೆ ಬಂತು. ಹಿಂದಿನ ದಿನ ಒಂದು ಮಳೆ ಬಿದ್ದು ಕಿಂಡಿ ಅಣೆಕಟ್ಟಿನ ಕೆಳಗಿನ ಹೊಂಡ ಕೆಂಪಗಾಗಿತ್ತು. ನಾನು ಬಿದಿರಿನ ಕೋಲಿಗೆ ಎರೆಹುಳು ಸಿಕ್ಕಿಸಿದ್ದೆ; ಆ ತಿಂಗಳ ನನ್ನ ಲೆಕ್ಕದಲ್ಲಿ ಎರೆಹುಳುವೇ ಮುಂದಿತ್ತು. ಮಾವ ನೀರು ಮೂಸಿ, ಕೋಲು ಕೆಳಗಿಡಿಸಿದರು.

"ಆ ಲೆಕ್ಕ ತಿಳಿನೀರಿಂದ್. ಇವತ್ತ್ ಬಾಟ್ಲಿ. ಲಿವರ್. ದಪ್ಪದ್ ದಾರ. ಇಲ್ಲಿ ಇಪ್ಪುದ್ ಸಣ್ಣದಲ್ಲ."

ನೂಲು ಸುತ್ತಿದ ಲಿವರ್ ಬೇರಿನ ಪಕ್ಕ ಇಳಿಯಿತು. ಬೆಂಡಿಲ್ಲ, ಬೆರಳಿಗೆ ತಾಗುವ ದಾರವೇ ಎಲ್ಲ. ತುಂಬ ಹೊತ್ತಿನ ಮೇಲೆ ಯಾರೋ ಉಗುರಿನಿಂದ ಮುಟ್ಟಿದಂತಾಯಿತು. ಮತ್ತೆ ಒಮ್ಮೆ. "ಇರ್ಲಿ" ಎಂದರು ಮಾವ, ನನ್ನ ಮುಖ ನೋಡಿಯೇ. ದಾರ ಓಡತೊಡಗಿದಾಗ "ಈಗ!" ಎಂದು ಕೂಗಿದರು.

ನನ್ನ ಅಂಗೈ ಕೊರೆದು ಬಂತು ಆ ಮೀನು. ಕೆಸರಿನ ದಡಕ್ಕೆ ಎಳೆದು ಹಾಕಿದಾಗ ನೋಡಿದೆ. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಮೀನು ಹಿಡಿಯಲು ತಂದ ಬಟ್ಟೆ ಎಲ್ಲಿದೆ ಎಂದು ತಿರುಗಿದ ಕ್ಷಣದಲ್ಲಿ ದಾರ ಸಡಿಲವಾಯಿತು, ಕೊಕ್ಕೆಯಿಲ್ಲದ ಗಾಳ ಕಳಚಿ ಬಿತ್ತು. ಮುಗುಡು ಕೆಸರಿನಲ್ಲಿ ಹಾವಿನಂತೆ ಹೊರಳುತ್ತ ನೀರಿನ ಕಡೆಗೆ ಹೊರಟಿತು, ಅದೂ ಮಾವ ಕುಳಿತ ಕಲ್ಲಿನ ಬುಡದಲ್ಲೇ. ಅವರ ಕೈಗೆ ಒಂದು ಗೇಣು ದೂರ.

ಮಾವನ ಕೈ ಮುಂದೆ ಬಂದದ್ದನ್ನು ನಾನು ಕಂಡೆ. ಬೆರಳುಗಳು ಆಗಲೇ ಆ ಹಿಡಿತಕ್ಕೆ ಬಾಗಿದ್ದವು. ನಂತರ ಅವರು ಎರಡೂ ಕೈಗಳನ್ನು ಎಳೆದುಕೊಂಡು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಕುಳಿತುಬಿಟ್ಟರು. ಕುಳಿತಲ್ಲಿಂದ ಕೂಗಿದರು, ಅಣೆಕಟ್ಟಿನಾಚೆ ಬಟ್ಟೆ ಒಗೆಯುವವರು ತಿರುಗಿ ನೋಡುವ ಹಾಗೆ.

"ಬೀಳ್! ಮೇಲೆ ಬೀಳ್ ಮಗಾ! ಬಟ್ಟಿ ಬ್ಯಾಡ, ಕೈ! ಹೊಟ್ಟಿ ಕೆಳಗೆ! ಹೆಬ್ಬೆರಳ್ ಹಿಂದೆ!"

ನಾನು ಬಿದ್ದೆ. ಹೊಟ್ಟೆಯ ಕೆಳಗೆ ಅಂಗೈ ಹೋಯಿತು, ತೋರುಬೆರಳು ಸರಿಯಾದ ಜಾಗಕ್ಕೆ ಹೋಯಿತು, ಹೆಬ್ಬೆರಳು ಹೋಗಲಿಲ್ಲ. ಮುಳ್ಳು ಒಳಗಿಳಿದದ್ದು ತಿಳಿದರೂ ಬಿಡಲಿಲ್ಲ. ಮೀನು ಬಕೆಟ್ಟಿಗೆ ಬಿದ್ದ ಮೇಲೆಯೇ ಕಣ್ಣಿನಲ್ಲಿ ನೀರು ಬಂದದ್ದು. ಮಾವ ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿ, ತಮ್ಮ ಬೆರಳು ಅದ್ದಿ ಬಿಸಿ ನೋಡಿ, ನನ್ನ ಮುಂದೆ ಹಿಡಿದರು.

"ನೋಯ್ತಿತ್ತಾ?"

"ಹೌದು ಮಾವ."

"ನಂಗೂ" ಎಂದರು. ಸ್ವಲ್ಪ ಹೊತ್ತಿನ ಮೇಲೆ ನಗು ಬಂತು ಅವರಿಗೆ. "ಮುಂಬೈಯಲ್ ಅಷ್ಟ್ ವರ್ಷ ದುಡ್ದೆ, ಇಷ್ಟ್ ಕಷ್ಟದ್ ಕೆಲ್ಸ ಮಾಡಿರ್ಲಿಲ್ಲ ಕಾಣ್. ಕೈ ಮೇಲೆ ಕೂಕಂಬುದ್!"

ಮನೆಯ ಅಂಗಳದಲ್ಲಿ ಅತ್ತೆ ಕಾಯುತ್ತಿದ್ದರು. ಬಕೆಟ್ಟಿನ ಕಡೆ ನೋಡಲೇ ಇಲ್ಲ. "ಕೈ ತೋರ್ಸಿ" ಎಂದರು ಮಾವನಿಗೆ. ಮಾವ ಶಾಲೆಯ ಮಕ್ಕಳ ಹಾಗೆ ಎರಡೂ ಕೈ ಚಾಚಿದರು. ಅತ್ತೆ ಮೇಲೆ ನೋಡಿದರು, ತಿರುಗಿಸಿ ನೋಡಿದರು, ಬೆರಳುಗಳ ಸಂದಿ ಬಿಡಿಸಿ ನೋಡಿದರು. ಆಮೇಲೆ ಮೀನು ನೋಡಿ, ಮಸಾಲೆಗೆ ತೆಂಗಿನಕಾಯಿ ಒಡೆಯಲು ಒಳಗೆ ಹೋದರು.

ಆಮೇಲಿನ ಎರಡು ವರ್ಷದಲ್ಲಿ ನಾವು ಹೋದ ಭಾನುವಾರಗಳು, ಹಾಕಿದ ಎರೆಗಳು, ಹಿಡಿದ ಮುಗುಡುಗಳು ಎಲ್ಲ ಬರೆದಿಟ್ಟಿದ್ದೇನೆ. ನನ್ನ ಕೈಗೆ ಚುಚ್ಚಿದ ಮುಳ್ಳು ಐದು. ಮಾವನ ಕೈಗೆ ಸೊನ್ನೆ. ನನ್ನ ಡೈರಿಯಲ್ಲಿ ನನಗೆ ಹೆಮ್ಮೆ ಇರುವ ಸೊನ್ನೆ ಅದೊಂದೇ.

ಮಾವ ಹೋದದ್ದು ಕಾಯಿಲೆ ಬಿದ್ದು ಅಲ್ಲ. ಕಳೆದ ಮಳೆಗಾಲ ಮುಗಿಯುತ್ತಿದ್ದಾಗ, ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಬಗ್ಗಿದವರು ಎದೆ ಹಿಡಿದುಕೊಂಡು ಕುಳಿತರು, ಏಳಲಿಲ್ಲ. ನಾನು ಮನೆಗೆ ಹೋದಾಗ ಜಗಲಿಯಲ್ಲಿ ಮಲಗಿಸಿದ್ದರು. ಅತ್ತೆ ಪಕ್ಕದಲ್ಲಿ ಕುಳಿತು ಅವರ ಎಡಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದರು. ನನ್ನನ್ನು ಕಂಡು ಆ ಕೈಯನ್ನು ಸ್ವಲ್ಪ ಎತ್ತಿದರು.

"ಕಾಣ್ ಮಗಾ" ಎಂದರು. "ಹತ್ತೂ ಬೆರಳ್ ಇತ್ತ್."

ಬಾಟಲಿಯ ತಂಗೂಸು ಈಗ ನನ್ನಲ್ಲಿದೆ. ರೀಲಿನ ರಾಡ್ ಅತ್ತೆಯ ಮನೆಯಲ್ಲೇ ಇದೆ. ಎಣ್ಣೆ ಹಾಕಿ ಒರೆಸುವುದು ನನ್ನ ಕೆಲಸ. ನಮ್ಮ ಕಡೆಯ ಹುಡುಗರು ಹೊಸ ಗಾಳ ತಂದು ಯಾವುದು ಒಳ್ಳೆಯದು ಎಂದು ಕೇಳಿದರೆ, ಯಾವ ನೀರಿಗೆ ಎಂದು ನಾನು ಕೇಳುತ್ತೇನೆ. ಮೊದಲ ಮಳೆಯ ವಾರಗಳಲ್ಲಿ ಗಾಳ ಮುಟ್ಟುವುದಿಲ್ಲ. ಉಳಿದ ಭಾನುವಾರ ಮುಗುಡು ಸಿಕ್ಕಿದರೆ ಮೊದಲು ಅತ್ತೆಯ ಅಂಗಳಕ್ಕೆ ಒಯ್ಯುತ್ತೇನೆ.

ಅವರು ಈಗಲೂ ಬಕೆಟ್ಟಿನ ಕಡೆ ನೋಡುವುದಿಲ್ಲ.

"ಕೈ ತೋರ್ಸ್" ಎನ್ನುತ್ತಾರೆ.

ನಾನು ಎರಡೂ ಕೈ ಚಾಚುತ್ತೇನೆ.